ಬೆಕ್ಕು ಸಾಕಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಕ್ಕನ್ನು ಮನೆಯೊಳಗೇ ಇಡಬೇಕಾ, ಹೊರಗೆ ಬಿಡಬೇಕಾ ಅಂತ ನಿನ್ನೆ ಗುಂಪಿನಲ್ಲಿ ತುಂಬ ಮಾತಾಯಿತು. ನಾನು ಹೇಳುವುದು ಇಷ್ಟೇ: ದಯವಿಟ್ಟು ಒಳಗೇ ಇಟ್ಟುಕೊಳ್ಳಿ.

ನಾನೂ ಮೊದಲು ಬಿಡುತ್ತಿದ್ದೆ. ಊರಲ್ಲಿ ಇಲಿ ಹಿಡಿಯಲಿ ಅಂತಲೇ ಬೆಕ್ಕು ಸಾಕುತ್ತಿದ್ದೆವು. ಆದರೆ ಮೈಸೂರಿನ ಕುವೆಂಪುನಗರದ ರಸ್ತೆ ನಮ್ಮೂರ ಓಣಿ ಅಲ್ಲ. ಹೋದ ತಿಂಗಳು ನಮ್ಮ ಬೆಕ್ಕು ಚಿನ್ನಿ ರಾತ್ರಿಯೆಲ್ಲ ಮನೆಗೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಎದುರುಮನೆ ಕಾರಿನ ಕೆಳಗೆ ಮುದುರಿ ಕೂತಿದ್ದಳು. ಹಿಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ತೊಡೆಯ ಮೇಲೆ ನಾಯಿ ಹಲ್ಲಿನ ಗುರುತು ಎರಡು. ಅದಕ್ಕೂ ಮುಂಚೆ ಒಂದು ದಿನ ಪಿಕಳಾರ ಹಕ್ಕಿಯ ಮರಿಯನ್ನು ಕಚ್ಚಿ ತಂದು ಕಾಲೊರಸಿನ ಮೇಲೆ ಇಟ್ಟಿದ್ದಳು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಹಕ್ಕಿಗಳು ಜಾಸ್ತಿ ಇರುವ ಕುಕ್ಕರಹಳ್ಳಿ ಕೆರೆ ಹತ್ತಿರದವರು ಇದನ್ನು ಇನ್ನೂ ಜಾಸ್ತಿ ಯೋಚಿಸಬೇಕು, ಅಲ್ವಾ?

ಸುಮ್ನೆ ಬಾಗಿಲು ಹಾಕಿದರೆ ಸಾಲದು. ಕೂಗಿ ಕೂಗಿ ಬೇಸರಪಡುತ್ತವೆ. ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ, ಹತ್ತಿ ಕೂರಲು ಎತ್ತರದ ಜಾಗ ಕೊಡಿ. ಸಂಜೆ 15 ನಿಮಿಷ ದಾರ ಎಳೆದು ಆಡಿಸಿ, ಆಮೇಲೆ ಊಟ ಹಾಕಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಅಪಾಯ.

ಮರಿ ಆಗದಂತೆ ಮಾಡಿಸುವ ಆಪರೇಷನ್ ಮುಂದೂಡಬೇಡಿ. ಹೆಣ್ಣುಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ನಿಂತರೆ ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಒಳಗೇ ಇದ್ದರೂ ರೇಬೀಸ್ ಲಸಿಕೆ ಬೇಕೇ ಬೇಕು.

ಜಾಲರಿ ಹೇಗೆ ಕೂರಿಸಿದ್ದೇವೆ ಅಂತ ನೋಡಬೇಕಿದ್ದರೆ ಭಾನುವಾರ ನಮ್ಮ ಮನೆಗೆ ಬನ್ನಿ.