ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ಪಿಜ್ಜಾ ಒಂದೇ ಗತಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರೋಮ್ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಕೊಲೊಸಿಯಮ್, ವ್ಯಾಟಿಕನ್ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿತ್ತು. ಊಟದ ವಿಷಯ ಬಂದಾಗ ಮಾತ್ರ ಲೇಖಕರು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಸಸ್ಯಾಹಾರಿಗಳು ಪಿಜ್ಜಾ ತಿನ್ನಬೇಕು, ಇಲ್ಲದಿದ್ದರೆ ರೈಲು ನಿಲ್ದಾಣದ ಹತ್ತಿರ ಇಂಡಿಯನ್ ರೆಸ್ಟೋರೆಂಟ್ ಹುಡುಕಬೇಕಂತೆ. ಇದನ್ನು ಓದಿದವರು ಸೂಟ್‌ಕೇಸ್ ತುಂಬ ತಿಂಡಿ ಪೊಟ್ಟಣ ತುಂಬಿಕೊಂಡು ಹೋಗುತ್ತಾರೆ. ಇಟಲಿಯವರು ದಿನಾ ತಿನ್ನುವ ಸೊಪ್ಪು, ಕಾಳು, ತರಕಾರಿಯ ರುಚಿಯನ್ನೇ ನೋಡದೆ ವಾಪಸ್ ಬರುತ್ತಾರೆ. ಅದಕ್ಕೇ ಈ ಪತ್ರ.

ನಾವು ಹೋಗಿದ್ದು ನಾನು, ನಮ್ಮ ಮನೆಯವರು ಮತ್ತು ಅತ್ತೆ. ನಾವಿಬ್ಬರೂ ಮೊಟ್ಟೆ ಹಾಕಿದ ಕೇಕ್ ತಿನ್ನುತ್ತೇವೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿ ಕೂತರೂ ಮೂವರಿಗೂ ಹೊಂದಬೇಕಿತ್ತು. ನಾಲ್ಕಾರು ಬಾಗಿಲು ಹತ್ತಿ ಇಳಿದ ಮೇಲೆ ನನಗೊಂದು ದಾರಿ ಸಿಕ್ಕಿತು. ರೆಸ್ಟೋರೆಂಟ್ ಆರಿಸುವಾಗ ಪಾಸ್ತಾ ಪಟ್ಟಿ ಆಮೇಲೆ ನೋಡಿ, ಮೊದಲು 'ಕೊಂತೊರ್ನಿ' ಅನ್ನುವ ಪಟ್ಟಿ ನೋಡಿ.

ಅಲ್ಲಿ ಹೆಚ್ಚಿನ ಕಡೆ ಮೆನುವನ್ನು ಬಾಗಿಲ ಹೊರಗೇ ಹಾಕಿರುತ್ತಾರೆ. ಒಳಗೆ ಕಾಲಿಡುವ ಮುಂಚೆ ನಿಂತು ಓದಬಹುದು, ಯಾರೂ ಏನೂ ಅನ್ನುವುದಿಲ್ಲ. ಮೇಲೆ ಆಂತಿಪಾಸ್ತಿ, ಅಂದರೆ ಊಟಕ್ಕೆ ಮುಂಚಿನ ತಿಂಡಿಗಳು. ಆಮೇಲೆ ಪ್ರೀಮಿ, ಇದರಲ್ಲಿ ಪಾಸ್ತಾ, ಸೂಪು, ಅನ್ನದ ರಿಸೊತ್ತೊ ಬರುತ್ತವೆ. ಆಮೇಲೆ ಸೆಕೊಂದಿ. ಅದೆಲ್ಲ ಬಹುತೇಕ ಮಾಂಸ, ಮೀನು. ಕೊನೆಗೆ ಸಣ್ಣದಾಗಿ ಕೊಂತೊರ್ನಿ. ಇವು ಪಕ್ಕಕ್ಕೆ ಬಡಿಸುವ ತರಕಾರಿಗಳು. ಅಲ್ಲಿ ಹುರಿದ ಆಲೂಗಡ್ಡೆ, ಎಲೆ ಸಲಾಡ್ ಎರಡೇ ಇದ್ದರೆ ನಾವು ಮುಂದಿನ ಅಂಗಡಿ ನೋಡುತ್ತಿದ್ದೆವು. ಚಿಕೋರಿಯಾ ಸೊಪ್ಪು, ಕಾರ್ಚೊಫಿ (ಆರ್ಟಿಚೋಕ್ ಮೊಗ್ಗು), ಬಿಳಿ ಬೀನ್ಸ್, ಬದನೆ ಇದ್ದರೆ ಕೂರುತ್ತಿದ್ದೆವು. ತರಕಾರಿಯನ್ನು ತರಕಾರಿಯಾಗಿ ಬೇಯಿಸುವ ಅಡುಗೆಮನೆ ಅದು ಅಂತ ಅರ್ಥ. ಒಂದು ಪ್ರೀಮೊ, ಎರಡು ಕೊಂತೊರ್ನಿ ಹೇಳಿದರೆ ಹೊಟ್ಟೆ ತುಂಬುತ್ತದೆ. ಸೆಕೊಂದೊ ತಗೊಳ್ಳಲೇಬೇಕು ಅನ್ನುವ ಕಟ್ಟುಪಾಡು ಇಲ್ಲ.

ಈ ದಾರಿ ಸರಿ ಅಂತ ನನಗೆ ಗಟ್ಟಿಯಾಗಿದ್ದು ಟೆಸ್ಟಾಚೊದಲ್ಲಿ. ರೋಮ್‌ನ ಹಳೆಯ ಕಸಾಯಿಖಾನೆ ಇದ್ದ ಬಡಾವಣೆ ಅದು. 1975ರಲ್ಲಿ ಅದನ್ನು ಮುಚ್ಚಿದರು. ಆದರೂ ಅಲ್ಲಿನ ಊಟದ ಮನೆಗಳಲ್ಲಿ ಕರುಳು, ನಾಲಿಗೆ, ಬಾಲದ ಅಡುಗೆಗೆ ಈಗಲೂ ಹೆಸರು. ಸಸ್ಯಾಹಾರಿ ಕಾಲಿಡಬಾರದ ಜಾಗ ಅಂತ ಯಾರಾದರೂ ಹೇಳಿಯಾರು, ಅಲ್ವಾ? ಅಲ್ಲೇ ಒಂದು ತ್ರಾತ್ತೊರಿಯಾದ, ಅಂದರೆ ಸಣ್ಣ ಊಟದ ಮನೆಯ, ಕೊಂತೊರ್ನಿಯಲ್ಲಿ ನಮಗೆ ಬೇಕಾದದ್ದೆಲ್ಲ ಇತ್ತು. ಚಿಕೋರಿಯಾವನ್ನು ಬೇಯಿಸಿ, ಹಿಂಡಿ, ಬೆಳ್ಳುಳ್ಳಿ ಮತ್ತು ಒಣಮೆಣಸಿನ ಎಣ್ಣೆಯಲ್ಲಿ ಮತ್ತೆ ಬಾಡಿಸಿ ಕೊಡುತ್ತಾರೆ. ಚೂರು ಕಹಿ, ಚೂರು ಖಾರ. ಅತ್ತೆ ಬ್ರೆಡ್ಡಿನ ಜೊತೆ ಎರಡು ತಟ್ಟೆ ಮುಗಿಸಿದರು. ಮಾಂಸದೂಟದ ಹೋಟೆಲು ಅಂತ ಬೋರ್ಡು ನೋಡಿ ಹೊರಟುಹೋಗಿದ್ದರೆ ಇದು ಸಿಗುತ್ತಿರಲಿಲ್ಲ.

ಹಾಗಂತ ಹಸಿರು ಕಂಡಿದ್ದೆಲ್ಲ ನಮ್ಮದಲ್ಲ. ಮೋಸ ಹೋಗುವುದು ಸೊಪ್ಪಿನಲ್ಲೇ ಜಾಸ್ತಿ. ಪುಂತಾರೆಲ್ಲೆ ಅಂತ ಒಂದಿದೆ, ಚಿಕೋರಿ ಜಾತಿಯದೇ ಎಳೆಯ ದಂಟು. ಅದನ್ನು ಸೀಳಿ ತಣ್ಣೀರಿನಲ್ಲಿ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ನೋಡಲು ಬರೀ ಸಲಾಡ್. ಆದರೆ ಅದರ ಮೇಲಿನ ಮಸಾಲೆಯಲ್ಲಿ ಬೆಳ್ಳುಳ್ಳಿ, ವಿನೆಗರ್ ಜೊತೆ ಆಂಚೊವಿ ಮೀನನ್ನು ಅರೆದು ಸೇರಿಸಿರುತ್ತಾರೆ, ಕಣ್ಣಿಗೆ ಕಾಣುವುದೇ ಇಲ್ಲ. ಕುಂಬಳ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರಲ್ಲ, ಅದರ ಹೊಟ್ಟೆಯೊಳಗೂ ಮೊತ್ಸರೆಲ್ಲಾ ಚೀಸಿನ ಜೊತೆ ಇದೇ ಮೀನು ಕೂತಿರುತ್ತದೆ. ಮೆನುವಿನಲ್ಲಿ ಅಚ್ಚೂಗೆ ಅಥವಾ ಆಲಿಚಿ ಅಂತ ಕಂಡರೆ ಅದೇ ಮೀನು. ಪುಂತಾರೆಲ್ಲೆಯ ಮಸಾಲೆಯನ್ನು ಮೊದಲೇ ಅರೆದಿಟ್ಟಿದ್ದರೆ 'ಮೀನು ಬೇಡ' ಅಂದರೂ ಉಪಯೋಗವಿಲ್ಲ. ಬಿಟ್ಟುಬಿಡಿ.

ಪಾಸ್ತಾದ ಕಥೆ ಹೀಗಿದೆ. ರೋಮ್‌ನ ಹೆಸರಾಂತ ಪಾಸ್ತಾಗಳು ನಾಲ್ಕು. ಗ್ರಿಚಾ, ಅಮಾತ್ರಿಚಾನಾ, ಕಾರ್ಬೊನಾರಾ ಮೂರರಲ್ಲೂ ಗ್ವಾಂಚಾಲೆ ಇದೆ, ಅದು ಹಂದಿಯ ಕೆನ್ನೆಯ ಮಾಂಸ. ಉಳಿದದ್ದು ಕಾಚೊ ಎ ಪೆಪೆ ಒಂದೇ, ಚೀಸು ಮತ್ತು ಕರಿಮೆಣಸಿನದು. ನಮ್ಮ ಮನೆಯವರಿಗೆ ಇದೇ ಕಾಯಂ ಆಯ್ತು. ಆದರೆ ಹಲವು ಕಡೆ ಇದನ್ನು ತೊನ್ನಾರೆಲ್ಲಿ ಅನ್ನುವ ತಾಜಾ ಪಾಸ್ತಾದಲ್ಲಿ ಮಾಡುತ್ತಾರೆ. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ಸ್ಪಾಗೆತ್ತಿ ಅಥವಾ ರಿಗತೋನಿಯಲ್ಲಿ ಮಾಡಿಕೊಡಿ ಅಂತ ಕೇಳಬೇಕು. ಮಾಮೂಲಿ ಒಣ ಪಾಸ್ತಾ ಅಂದರೆ ಗಟ್ಟಿ ಗೋಧಿ ರವೆ ಮತ್ತು ನೀರು, ಅಷ್ಟೇ. ಗಟ್ಟಿ ಗೋಧಿಯನ್ನೇ ಬಳಸಬೇಕು ಅಂತ 1967ರಿಂದ ಅಲ್ಲಿ ಕಾನೂನೇ ಇದೆ.

ಚೀಸಿನ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಒಬ್ಬರು ಇನ್ನೊಬ್ಬರಿಗೆ ಉಪದೇಶ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಆ ಹೆಸರಿನಲ್ಲಿ ಮಾರಬೇಕಾದರೆ ಅದನ್ನೇ ಹಾಕಬೇಕು ಅಂತ ನಿಯಮ. ಕಾಚೊ ಎ ಪೆಪೆಗೆ ಹಾಕುವುದು ಈ ಪೆಕೊರಿನೊವನ್ನೇ, ಅಂದಮೇಲೆ ಅದೂ ಕಟ್ಟುನಿಟ್ಟಿನ ಸಸ್ಯಾಹಾರವಲ್ಲ. ನಮ್ಮವರು ಗೊತ್ತಿದ್ದೂ ತಿಂದರು. ಅತ್ತೆ ಗೊತ್ತಾದ ಮೇಲೆ ತಿನ್ನಲಿಲ್ಲ. ಅವರಿಗೆ ಟೊಮೆಟೊ ಸಾಸಿನ ಸ್ಪಾಗೆತ್ತಿ, ಮೇಲೆ ಚೀಸ್ ಉದುರಿಸಬೇಡಿ ಅಂತ ಒಂದು ಮಾತು. ಪಿಜ್ಜಾದಲ್ಲಾದರೆ ಮರಿನಾರಾ. ಹೆಸರು ಕೇಳಿ ಸಮುದ್ರದ ಮೀನು ಅಂದುಕೊಳ್ಳಬೇಡಿ. ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ ಬಿಟ್ಟರೆ ಬೇರೇನೂ ಇರುವುದಿಲ್ಲ, ಚೀಸೂ ಇಲ್ಲ.

ಇನ್ನು ವೇಟರ್ ಜೊತೆ ಮಾತು. 'ಸೋನೊ ವೆಜೆತರಿಯಾನಾ', ನಾನು ಸಸ್ಯಾಹಾರಿ, ಅಂತ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಮುಖ ಸಿಂಡರಿಸಿದವರು ಒಬ್ಬರೂ ಸಿಗಲಿಲ್ಲ. ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಒಬ್ಬ ವೇಟರ್ ಮಿನೆಸ್ತ್ರೋನೆ ಸೂಪು ತಗೊಳ್ಳಿ, ಬರೀ ತರಕಾರಿ ಅಂದ. ನಾನು 'ಬ್ರೋದೊ ದಿ ಕಾರ್ನೆ?' ಅಂತ ಕೇಳಿದೆ, ಮಾಂಸದ ಸಾರು ಹಾಕಿದ್ದೀರಾ ಅಂತ. ಆತ ಒಂದು ಕ್ಷಣ ನಿಂತ. ಬೆರಳೆತ್ತಿ ತಡೀರಿ ಅಂತ ಸನ್ನೆ ಮಾಡಿ ಒಳಗೆ ಹೋದ. ಬಂದು, ಹೌದು ಸಿಂಞೋರಾ, ಇವತ್ತಿನದರಲ್ಲಿ ಇದೆ ಅಂತ ತಾನೇ ಮೆನುವಿನಲ್ಲಿ ಬೇರೆಯದನ್ನು ತೋರಿಸಿದ. ಅವನು ಸುಳ್ಳು ಹೇಳಿರಲಿಲ್ಲ. ಕೈಗೆ ಸಿಗುವ ಮಾಂಸದ ತುಂಡು ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ತರಕಾರಿ ಸೂಪು. ರಿಸೊತ್ತೊಗೂ ಇದೇ ಪ್ರಶ್ನೆ ಕೇಳಿ. ಮಿಲಾನ್‌ನ ಹಳದಿ ಕೇಸರಿ ರಿಸೊತ್ತೊಗೆ ಮಾಂಸದ ಸಾರಿನ ಜೊತೆ ಮೂಳೆಯ ಮಜ್ಜೆಯನ್ನೂ ಹಾಕುವುದು ಹಳೆಯ ಪದ್ಧತಿ. ಕಾಳಿನ ಸೂಪಿನಲ್ಲಿ ಹಂದಿ ಮಾಂಸದ ಚೂರು ಬರುವುದುಂಟು. ಎರಡನೆಯ ಪ್ರಶ್ನೆ 'ಸ್ತ್ರುತ್ತೊ', ಹಂದಿ ಕೊಬ್ಬು. ಅದು ಕೆಲವು ರೊಟ್ಟಿ, ಬಿಸ್ಕತ್ತು, ಕರಿದ ಸಿಹಿತಿಂಡಿಗಳಲ್ಲಿರುತ್ತದೆ. ಇವೆರಡು ಪದ ಬಾಯಿಪಾಠ ಮಾಡಿಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ.

ಹಲವು ಕಡೆ ಮೆನುವಿನಲ್ಲಿ ಅಡುಗೆಯ ಹೆಸರಿನ ಮುಂದೆ ಸಣ್ಣ ಅಂಕಿಗಳು ಕಾಣುತ್ತವೆ. ನಮ್ಮ ಜನ ಅದನ್ನು ಗಮನಿಸುವುದೇ ಇಲ್ಲ. ಅದು ಅಲರ್ಜಿ ಪಟ್ಟಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಹೋಟೆಲಿನವರೂ 14 ಬಗೆಯ ಪದಾರ್ಥಗಳ ಬಗ್ಗೆ ಗಿರಾಕಿಗೆ ತಿಳಿಸಬೇಕು. ಮೂಲ ಪಟ್ಟಿಯಲ್ಲಿ 3 ಅಂದರೆ ಮೊಟ್ಟೆ, 4 ಅಂದರೆ ಮೀನು, 2 ಸಿಗಡಿ ಏಡಿ ಜಾತಿ, 14 ಚಿಪ್ಪು ಜಾತಿ. ಕೆಲವರು ಅಂಕಿ ಬದಲಿಸಿಕೊಂಡಿರುತ್ತಾರೆ, ಮೆನುವಿನ ಕೊನೆಯಲ್ಲಿ ವಿವರ ನೋಡಿಕೊಳ್ಳಿ. ಅತ್ತೆಗೆ ಓದಲು ಕನ್ನಡಕ ಬೇಕು, ಆದರೂ '3 ಇದೆಯಾ ನೋಡು' ಅಂತ ಎಲ್ಲ ಕಡೆ ಅವರೇ ಮೊದಲು ಕೇಳುತ್ತಿದ್ದರು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ದನ, ಹಂದಿ, ಕೋಳಿ ಆ 14ರಲ್ಲಿ ಇಲ್ಲ. ಮೊಟ್ಟೆ, ಮೀನು ಹಿಡಿಯಲು ಅಂಕಿ ಸಾಕು. ಮಾಂಸದ ಸಾರು, ಕೊಬ್ಬು ಹಿಡಿಯಲು ಬಾಯಿಬಿಟ್ಟೇ ಕೇಳಬೇಕು.

ರೋಮ್‌ಗೆ ಹೋಗುವ ಸಸ್ಯಾಹಾರಿಗಳು ಯಹೂದಿಗಳ ಹಳೆಯ ಕೇರಿ ಗೆತ್ತೊವನ್ನು ತಪ್ಪಿಸಬಾರದು. ಪೋಪ್ 4ನೇ ಪೌಲ್ 1555ರಲ್ಲಿ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ ಜಾಗ ಅದು. ಈಗ ಊಟಕ್ಕೆ ಹೆಸರುವಾಸಿ. ಯಹೂದಿಗಳ ಕೋಷರ್ ಪದ್ಧತಿಯಲ್ಲಿ ಹಾಲು, ಮಾಂಸ ಒಟ್ಟಿಗೆ ಸೇರಿಸುವಂತಿಲ್ಲ. ಹಾಗಾಗಿ ಹಾಲಿನ ಅಡುಗೆಯ ಕೋಷರ್ ರೆಸ್ಟೋರೆಂಟ್‌ಗಳಲ್ಲಿ ಮಾಂಸ, ಮಾಂಸದ ಸಾರು, ಹಂದಿ ಕೊಬ್ಬು ಯಾವುದೂ ಇರುವುದಿಲ್ಲ. ಮೀನು ಮಾತ್ರ ಇರುತ್ತದೆ, ಅದನ್ನು ನೋಡಿಕೊಂಡರಾಯ್ತು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಕೋಷರ್ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿನ ಕಾರ್ಚೊಫಿ ಅಲ್ಲಾ ಜುದೀಯಾ ತಿನ್ನಲೇಬೇಕು. ಆರ್ಟಿಚೋಕ್ ಅನ್ನುವ ದೊಡ್ಡ ಮೊಗ್ಗನ್ನು ಇಡಿಯಾಗಿ ಎರಡು ಸಲ ಎಣ್ಣೆಯಲ್ಲಿ ಕರಿಯುತ್ತಾರೆ. ದಳಗಳು ಬಿಚ್ಚಿಕೊಂಡು ಸಂಡಿಗೆಯ ಹಾಗೆ ಗರಿಗರಿ, ನಡುವಿನ ತಿರುಳು ಮೆತ್ತಗೆ. ಕೈಯಲ್ಲೇ ದಳ ಕಿತ್ತು ತಿನ್ನಬೇಕು, ಮೇಲೆ ಉಪ್ಪು ಬಿಟ್ಟರೆ ಬೇರೇನೂ ಬೇಡ. ಚಳಿಗಾಲದ ಕೊನೆ, ವಸಂತದ ಶುರುವಿನಲ್ಲಿ ಒಳ್ಳೆಯದು ಸಿಗುತ್ತದೆ.

ಫ್ಲಾರೆನ್ಸ್ ನಮಗೆ ಇನ್ನೂ ಸುಲಭವಾಯ್ತು. ಹಳೆಯ ಬ್ರೆಡ್ಡು, ಬಿಳಿ ಬೀನ್ಸ್, ಕಪ್ಪು ಎಲೆಕೋಸು ಹಾಕಿ ಮತ್ತೆ ಮತ್ತೆ ಕುದಿಸಿದ ರಿಬೊಲ್ಲಿತಾ, ಟೊಮೆಟೊದಲ್ಲಿ ಬ್ರೆಡ್ಡು ನೆನೆಸಿ ಬೇಯಿಸಿದ ಪಾಪ್ಪಾ ಅಲ್ ಪೊಮೊದೊರೊ. ಬಡವರ ಅಡುಗೆ ಇದು, ನನಗಂತೂ ಎಲ್ಲಕ್ಕಿಂತ ರುಚಿ ಅನ್ನಿಸಿತು. ಸಾರಿನ ಪ್ರಶ್ನೆ ಇಲ್ಲೂ ಕೇಳಿ. ಬೊಲೋನ್ಯಾ ಮಾತ್ರ ಕಷ್ಟದ ಊರು. ಅಲ್ಲಿ ತೊರ್ತೆಲ್ಲೀನಿ ಅನ್ನುವ ಸಣ್ಣ ಹೂರಣದ ಪಾಸ್ತಾದೊಳಗೆ ಹಂದಿ ಮಾಂಸ. ದೊಡ್ಡ ತೊರ್ತೆಲ್ಲೋನಿಯೊಳಗೆ ಸಾಮಾನ್ಯವಾಗಿ ರಿಕೊತ್ತಾ ಚೀಸು, ಬೆಣ್ಣೆಯಲ್ಲಿ ಹೊರಳಿಸಿ ಕೊಡುತ್ತಾರೆ. ಎರಡರ ಹಿಟ್ಟಿನಲ್ಲೂ ಮೊಟ್ಟೆ. ಅತ್ತೆ ಅಲ್ಲಿ ಮರಿನಾರಾ ತಿಂದೇ ಕಾಲ ಹಾಕಿದರು.

ಹೊತ್ತಿನ ಬಗ್ಗೆಯೂ ಹೇಳಬೇಕು. ಮಧ್ಯಾಹ್ನ ಹೆಚ್ಚುಕಡಿಮೆ 12.30ರಿಂದ 2.30, ರಾತ್ರಿ 7.30ರ ನಂತರ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಸಂಜೆ 5 ಗಂಟೆಗೆ ಹಸಿದವರು ಚೌಕದ ಮೇಲಿನ, ಫೋಟೊ ಮೆನು ಹಿಡಿದು ಕೂಗಿ ಕರೆಯುವ ಜಾಗಕ್ಕೆ ಬೀಳುತ್ತಾರೆ. ಆ ಹೊತ್ತಿಗೆ ಬೇಕರಿ ವಾಸಿ. ಅಲ್ಲಿ 'ಪಿಜ್ಜಾ ರೊಸ್ಸಾ' ಅಂತ ಬರೀ ಟೊಮೆಟೊ ಸವರಿದ್ದು ಇರುತ್ತದೆ, ಬೇಕಾದಷ್ಟನ್ನು ಕತ್ತರಿಸಿ ತೂಕ ಹಾಕಿ ಕೊಡುತ್ತಾರೆ. ಕತ್ತರಿ ಮಾತ್ರ ಹ್ಯಾಮ್ ಪಿಜ್ಜಾಗೂ ಇದಕ್ಕೂ ಒಂದೇ. ಅತ್ತೆ ಕತ್ತರಿಯನ್ನೇ ದಿಟ್ಟಿಸುತ್ತಿದ್ದುದನ್ನು ನೋಡಿ ಅಂಗಡಿಯ ಹೆಂಗಸು ತಾನಾಗಿಯೇ ಅದನ್ನು ತೊಳೆದು ಒರೆಸಿ ಬಂದಳು. ಬಿಲ್ಲಿನಲ್ಲಿ ತಲೆಗೆ ಒಂದೆರಡು ಯೂರೊ 'ಕೊಪೆರ್ತೊ' (ಮೇಜಿಗೆ ಕೂತದ್ದಕ್ಕೆ ಶುಲ್ಕ) ಅಥವಾ ಬ್ರೆಡ್ಡಿನ ಹೆಸರಲ್ಲಿ ಸೇರಿದರೆ ಗಾಬರಿ ಬೇಡ, ಮೆನುವಿನಲ್ಲಿ ಬರೆದಿದ್ದರೆ ಅದು ಮಾಮೂಲಿ. ಸಿಹಿಯಲ್ಲಿ ಪನ್ನಾ ಕೊತ್ತಾದಲ್ಲಿ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು), ತಿರಮಿಸುವಿನಲ್ಲಿ ಮೊಟ್ಟೆ. ಅತ್ತೆಗೆ ನಿಂಬೆಹಣ್ಣಿನ ಸೊರ್ಬೆತ್ತೊ, ಅಂದರೆ ಹಣ್ಣಿನ ರಸದ ಐಸ್, ಆಯ್ತು.

ಇಂಡಿಯನ್ ರೆಸ್ಟೋರೆಂಟಿಗೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಅತ್ತೆಗೆ ಒಂದು ರಾತ್ರಿ ಅನ್ನ ಬೇಕೇ ಬೇಕು ಅನ್ನಿಸಿತು, ಹೋದೆವು. ಆದರೆ ನಮ್ಮ ಪರಿಚಯದವರು ಒಂದು ಟೂರ್ ಕಂಪನಿಯ ಬಸ್ಸಿನಲ್ಲಿ ಹೋಗಿದ್ದರು. ರಾತ್ರಿ ಊಟಕ್ಕೆ ಪ್ರತಿ ಊರಲ್ಲೂ ಅದೇ ಪನೀರ್, ಅದೇ ದಾಲ್. ಸಸ್ಯಾಹಾರಿಗಳಿದ್ದಾರೆ ಅಂತ ಹೀಗೆ ಮಾಡಿದೆವು ಅಂತ ಕಂಪನಿಯವರ ಸಮಜಾಯಿಷಿ. ರೋಮ್‌ನ ವಿಯಾ ಮಾರ್ಗುತ್ತಾದಲ್ಲಿ 1979ರಲ್ಲೇ ಸಸ್ಯಾಹಾರಿ ರೆಸ್ಟೋರೆಂಟ್ ಶುರುವಾಗಿದೆ. ಮಿಲಾನ್‌ನ ಸಸ್ಯಾಹಾರಿ ರೆಸ್ಟೋರೆಂಟ್ ಜೋಯಾಗೆ 1996ರಲ್ಲೇ ಒಳ್ಳೆಯ ಅಡುಗೆಗೆ ಕೊಡುವ ಮಿಶೆಲಿನ್ ಸ್ಟಾರ್ ಬಂದಿತ್ತು. ಇಂಥ ದೇಶದಲ್ಲಿ ಈ ಸಬೂಬು ಒಪ್ಪುವಂಥದ್ದಲ್ಲ. ಮುಂಚಿತವಾಗಿ ಒಂದು ತ್ರಾತ್ತೊರಿಯಾಗೆ ತಿಳಿಸಿದರೆ ಇಪ್ಪತ್ತು ಜನಕ್ಕೆ ಟೊಮೆಟೊ ಪಾಸ್ತಾ, ಚಿಕೋರಿಯಾ, ಬೀನ್ಸ್ ಮಾಡುವುದು ಅವರಿಗೆ ದೊಡ್ಡ ಕೆಲಸವೇ ಅಲ್ಲ. ದುಡ್ಡು ಕೊಟ್ಟು ಹೋಗುವವರು ಬುಕ್ ಮಾಡುವಾಗಲೇ ಇದನ್ನು ಕೇಳಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಪುರವಣಿಯಲ್ಲಿ ಮುಂದೆ ಯಾವ ಊರಿನ ಬಗ್ಗೆ ಬರೆಸಿದರೂ, ಅಲ್ಲಿನ ಮೆನುವಿನಲ್ಲಿ ಸಸ್ಯಾಹಾರಿಗಳು ಗುರುತಿಸಬೇಕಾದ ಪದಗಳನ್ನು ಕನ್ನಡ ಲಿಪಿಯಲ್ಲಿ ಒಂದು ಸಣ್ಣ ಚೌಕದಲ್ಲಿ ಹಾಕಿ. ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದಾಗಿದ್ದರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ