ಮಗಳಿಗೊಂದು ಪತ್ರ: ಗಂಟೆಗೆ 36 ರೂಪಾಯಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಕುಕ್ಕರ್ ಕೂಗ್ತಿದೆ, ಆಮೇಲೆ ಮಾತಾಡೋಣ" ಅಂದು ಇಟ್ಟುಬಿಟ್ಟೆ. ಕುಕ್ಕರ್ ಏನೂ ಕೂಗುತ್ತಿರಲಿಲ್ಲ. ಪುಣೆಯ ಕೆಲಸ ಬಿಟ್ಟು ಬಂದು ನನ್ನ ಜೊತೆ ಹೊಲಿಗೆಗೆ ಸೇರುತ್ತೇನೆ ಅಂತ ನೀನಂದರೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ, ಅಷ್ಟೇ. ಖುಷಿಯಾಯಿತು. ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿಯೂ ಆಯಿತು. ಮಾತಿನಲ್ಲಿ ಹೇಳಲು ಹೋದರೆ "ಅದೆಲ್ಲ ನಾನು ನೋಡ್ಕೋತೀನಿ ಬಿಡಮ್ಮ" ಅಂತ ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯಲು ಕೂತಿದ್ದೇನೆ. ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದೇನೆ, ಆ ಹಸಿರು ರಟ್ಟಿನದು.

ನೀನು ಮಾಡಿ ಕಳಿಸಿದ ಲೋಗೋ ಚೆನ್ನಾಗಿದೆ. ಸೂಜಿಯ ಕಣ್ಣಿಂದ ಹೊರಟ ದಾರ ಹೂವಾಗುವುದು ಚಂದ. ಆದರೆ ನೀನು ಬರೆದಿರುವುದು ಕೈಹೊಲಿಗೆಯ ಸೂಜಿ. ಮಷೀನ್ ಸೂಜಿಗೆ ಕಣ್ಣು ಇರುವುದು ಚೂಪು ತುದಿಯಲ್ಲಿ. ಅದರ ಪಕ್ಕದಲ್ಲೇ ಕೂತು ಅಷ್ಟು ವರ್ಷ ಹೋಂವರ್ಕ್ ಮಾಡಿದವಳು ನೀನು!

ಮೊದಲು ಒಂದು ವಿಷಯ ಸರಿ ಮಾಡಬೇಕು. "ನನ್ನ ಕಾಲೇಜ್ ಫೀಸ್ ಅಮ್ಮ ಹೊಲಿಗೆಯಲ್ಲೇ ಕಟ್ಟಿದ್ದು" ಅಂತ ನೀನು ಎಲ್ಲರ ಹತ್ತಿರ ಹೇಳುತ್ತೀಯ. ಹೋದ ಸಲ ಚಿಕ್ಕಮ್ಮನ ಮನೆಯಲ್ಲೂ ಹೇಳಿದೆ. ಕೇಳುವುದಕ್ಕೆ ಚೆನ್ನಾಗಿತ್ತು, ಅಲ್ಲ ಅನ್ನಲು ಮನಸ್ಸು ಬರಲಿಲ್ಲ. ಆದರೆ ಅದು ನಿಜ ಅಲ್ಲ ಪುಟ್ಟಿ. ಫೀಸ್ ಕಟ್ಟಿದ್ದು ಅಪ್ಪನ ಸಂಬಳ. ಎರಡು ಸಲ ಅಜ್ಜಿಯ ಬಳೆ ಬ್ಯಾಂಕಿಗೆ ಹೋಗಿ ಬಂತು. ನನ್ನ ಹೊಲಿಗೆಯಿಂದ ಆದದ್ದು ನಿನ್ನ ಬಸ್ ಪಾಸು, ಜೆರಾಕ್ಸ್ ಖರ್ಚು, ಆ ನೀಲಿ ಬ್ಯಾಗು. ರಾತ್ರಿ ಹನ್ನೊಂದರವರೆಗೆ ನಾನು ಮಷೀನ್ ತುಳಿಯುತ್ತಿದ್ದೆನಲ್ಲ, ಅದನ್ನು ನೋಡಿ ನೀನು ದುಡ್ಡೂ ಅಷ್ಟೇ ಬರುತ್ತಿರಬೇಕು ಅಂದುಕೊಂಡೆ. ನಾನೂ ಹಾಗೇ ಅಂದುಕೊಂಡಿದ್ದೆ.

ಶುರುವಾದದ್ದು 2016ರಲ್ಲಿ, ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ವರ್ಷ. ಅಲ್ಲಿಯವರೆಗೆ ನನ್ನದು ರವಿಕೆ, ಸೀರೆಗೆ ಫಾಲ್, ಜಿಗ್‌ಜ್ಯಾಗ್, ಇಷ್ಟೇ. ಎದುರು ಮನೆಯವರ ಗೃಹಪ್ರವೇಶಕ್ಕೆ ಎಂಬತ್ತು ತಾಂಬೂಲದ ಚೀಲ ಬೇಕಾಯಿತು. "ಬಟ್ಟೆಯಲ್ಲಿ ಹೊಲಿದುಕೊಡ್ತೀರಾ?" ಅಂದರು. ಚೀಲ ಅಂದರೆ ಏನು ಮಹಾ, ಎರಡು ಕಡೆ ಹೊಲಿಗೆ, ಮೇಲೆ ಎರಡು ಹಿಡಿಕೆ ಅಂತ ಒಪ್ಪಿಕೊಂಡೆ. ಏಳು ಇಂಚು ಅಗಲ ಬರುವ ಹಾಗೆ ಹೊಲಿದೆ. ತಳಕ್ಕೆ ಏನೂ ಮಾಡಲಿಲ್ಲ, ಮಡಿಕೆ ಹಾಗೇ ಬಿಟ್ಟೆ.

ಗೃಹಪ್ರವೇಶದ ದಿನ ನೋಡಬೇಕಿತ್ತು ನೀನು. ನಿನಗೆ ಅವತ್ತು ಪರೀಕ್ಷೆ. ಸಣ್ಣ ಕಾಯಿ ಹೇಗೋ ಒಳಗೆ ಹೋಯಿತು. ದಪ್ಪ ಕಾಯಿ ಅರ್ಧಕ್ಕೇ ನಿಂತಿತು. ಒಳಗೆ ಹೋದದ್ದೂ ಕೂರಲಿಲ್ಲ. ಕುರ್ಚಿಯ ಮೇಲೆ ಇಟ್ಟರೆ ಚೀಲ ಪಲ್ಟಿ, ಕಾಯಿ ಉರುಳಿಕೊಂಡು ಶಾಮಿಯಾನದ ಆಚೆ. ಒಂದು ಹುಡುಗ ಅದನ್ನು ಕಾಲಲ್ಲಿ ಒದ್ದು ಅವನ ಅಮ್ಮನಿಂದ ಏಟು ತಿಂದ. ಮೆಟ್ಟಿಲ ಮೇಲೆಲ್ಲ ವೀಳ್ಯದೆಲೆ, ಅಡಿಕೆ. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಒಂದು ತೆಂಗಿನಕಾಯಿ ಇಟ್ಟುಕೊಂಡು ಟೇಪು ಸುತ್ತಿದೆ. ಈಗ ನಾನು ಕತ್ತರಿಸುವುದು ಹತ್ತು ಇಂಚು ಅಗಲ, ಇಪ್ಪತ್ತೈದು ಇಂಚು ಉದ್ದದ ಒಂದೇ ಪಟ್ಟಿ. ನಡುವೆ ಮಡಚಿ ಎರಡೂ ಪಕ್ಕ ಅರ್ಧರ್ಧ ಇಂಚು ಒಳಗೆ ಹೊಲಿದರೆ ಒಂಬತ್ತು ಇಂಚಿನ ಚೀಲ. ಆಮೇಲೆ ಕೆಳಗಿನ ಎರಡು ಮೂಲೆಗಳನ್ನು ಹಿಡಿದು, ಪಕ್ಕದ ಹೊಲಿಗೆ ಮಡಿಕೆಯ ಮೇಲೆ ಬರುವ ಹಾಗೆ ಚಪ್ಪಟೆ ಮಾಡಬೇಕು. ತ್ರಿಕೋನವಾಗುತ್ತದೆ. ಅದಕ್ಕೆ ಅಡ್ಡವಾಗಿ ಮೂರು ಇಂಚಿನ ಒಂದು ಹೊಲಿಗೆ. ತಿರುಗಿಸಿದರೆ ಚೀಲಕ್ಕೆ ತಳ ಬಂದಿರುತ್ತದೆ, ಡಬ್ಬಿಯ ಹಾಗೆ ಕೂರುತ್ತದೆ. ಅಲ್ಲಿಂದ ನಮ್ಮ ಮನೆಯಲ್ಲಿ ಚಟ್ನಿಗೆ ಹೋಗುವ ಕಾಯಿ ಮೊದಲು ಒಂದು ಸಲ ಚೀಲದಲ್ಲಿ ಕೂತು ಬರಬೇಕು. ನೀನು ನಗುತ್ತಿದ್ದೆಯಲ್ಲ, ಅದಕ್ಕೆ ಕಾರಣ ಇದು.

ಈಗ ಆ 36 ರೂಪಾಯಿಯ ಕಥೆ.

ಮದುವೆಯೊಂದಕ್ಕೆ 150 ಚೀಲದ ಆರ್ಡರ್ ಬಂತು, ಒಂದಕ್ಕೆ 50 ರೂಪಾಯಿ. 7,500! ನಾನು ಅಪ್ಪನಿಗೆ ಎರಡು ಸಲ ಹೇಳಿದೆ. ಹಿಂದಿನ ಬೀದಿಯ ಅಕ್ಕ ಆಗ ತಾನೆ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿದ್ದರು. ಸಹಾಯಕ್ಕೆ ಕರೆದೆ. ಒಂದರ್ಧ ಗಂಟೆ ನಾನು ಹೊಲಿಯುವುದನ್ನೇ ನೋಡುತ್ತಾ ನಿಂತು, "ನಿಮಗೆ ಗಂಟೆಗೆ ಎಷ್ಟು ಬೀಳುತ್ತೆ?" ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಫ್ಯಾಕ್ಟರಿಯಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಮೇಲೆ ಬದುಕಿದವರು. ಗಂಟೆ ಅವರಿಗೆ ಕಣ್ಣಿಗೆ ಕಾಣುತ್ತದೆ.

ಇಬ್ಬರೂ ಕೂತು ಬರೆದೆವು. ಬಟ್ಟೆ ಮೀಟರಿಗೆ 120. ನಲವತ್ತನಾಲ್ಕು ಇಂಚು ಪನ್ನದಲ್ಲಿ, ಅಂದರೆ ಬಟ್ಟೆಯ ಅಗಲದಲ್ಲಿ, ಒಂದು ಮೀಟರಿಗೆ ನಾಲ್ಕು ಚೀಲ, ಉಳಿದ ತುಂಡಿನಲ್ಲಿ ಹಿಡಿಕೆ. ಅಂದರೆ ಚೀಲಕ್ಕೆ 30. ದಾರ, ಲೇಸು 5. ಉಳಿದದ್ದು 15. ಒಂದು ಚೀಲಕ್ಕೆ ನನಗೆ ಇಪ್ಪತ್ತೈದು ನಿಮಿಷ ಬೇಕಿತ್ತು. ಅಲ್ಲಿಗೆ ಗಂಟೆಗೆ 36 ರೂಪಾಯಿ. ಅದರಲ್ಲೂ ಪೇಟೆಗೆ ಹೋಗಿಬಂದ ಆಟೋ ಸೇರಿಸಿರಲಿಲ್ಲ. ಕರೆಂಟ್ ಮನೆಯದು, ಮಷೀನ್ ಮನೆಯದು, ಕಣ್ಣು ಮನೆಯದು ಅಂತ ಬಿಟ್ಟುಬಿಟ್ಟಿದ್ದೆ. ಅಕ್ಕ ಪೆನ್ನು ಕೆಳಗಿಟ್ಟು, "ನಂಗೆ ಎಷ್ಟು ಕೊಡ್ತೀರಾ ಇದರಲ್ಲಿ?" ಅಂದರು.

ನನಗೆ ಅಳು ಬರಲಿಲ್ಲ. ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಮನೇಲೇ ಇರ್ತೀಯಲ್ಲ, ಟೈಮ್ ಪಾಸ್ ಆಗುತ್ತೆ" ಅಂದವರೆಲ್ಲ ನೆನಪಾದರು. ಆದರೆ ಅದನ್ನು ಮೊದಲು ನಂಬಿದವಳು ನಾನೇ ತಾನೆ?

ಆ ಆರ್ಡರ್ ಒಪ್ಪಿದ ದರಕ್ಕೇ ಮುಗಿಸಿದೆವು. ಆಮೇಲಿಂದ ದರ ಬದಲಾಯಿತು, ಹೊಲಿಯುವ ಕ್ರಮವೂ ಬದಲಾಯಿತು. ನಾನು ಒಂದು ಚೀಲ ಪೂರ್ತಿ ಮುಗಿಸಿ ಇನ್ನೊಂದು ಹಿಡಿಯುತ್ತಿದ್ದೆ. ಅಕ್ಕ ಹಾಗೆ ಮಾಡಲು ಬಿಡುವುದಿಲ್ಲ. ಎಲ್ಲ ಕತ್ತರಿಸುವುದು ಒಂದು ದಿನ. ಹಿಡಿಕೆಗಳೆಲ್ಲ ಒಟ್ಟಿಗೆ. ಪಕ್ಕದ ಹೊಲಿಗೆ ಹಾಕುವಾಗ ಒಂದು ಚೀಲ ಮುಗಿದ ಕೂಡಲೇ ದಾರ ಕತ್ತರಿಸದೆ ಮುಂದಿನದನ್ನು ಸೂಜಿಯ ಕೆಳಗೆ ತಳ್ಳುವುದು. ಮಷೀನಿನ ಹಿಂದೆ ಚೀಲಗಳು ಮಾಲೆಯ ಹಾಗೆ ಇಳಿದು ನೆಲ ಮುಟ್ಟುತ್ತವೆ. ಕೊನೆಗೆ ಕೂತು ಕಟ್ ಕಟ್ ಅಂತ ಬಿಡಿಸುವುದು. ಇಪ್ಪತ್ತೈದು ನಿಮಿಷ ಇಪ್ಪತ್ತಕ್ಕೆ ಇಳಿಯಿತು.

ಈಗಿನ ಲೆಕ್ಕ ಹೀಗಿದೆ. ಬಟ್ಟೆ 40, ಲೇಸು ದಾರ ಸೂಜಿ 10, ಓಡಾಟ 5. ಗಂಟೆಗೆ 150ರ ಹಾಗೆ ಇಪ್ಪತ್ತು ನಿಮಿಷದ ಕೂಲಿ 50. ಕೆಟ್ಟುಹೋದದ್ದು, ಮಷೀನ್ ರಿಪೇರಿ ಅಂತ 15. ಒಟ್ಟು 120. ಅಕ್ಕನಿಗೂ ಅದೇ ಕೂಲಿ, ನನಗೂ ಅದೇ. ಮೊನ್ನೆ ಒಬ್ಬರು ಜಯನಗರದಿಂದ ಬಂದು, "ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗುತ್ತೆ ಮೇಡಂ" ಅಂದರು. ಅವರು ಸುಳ್ಳು ಹೇಳುತ್ತಿಲ್ಲ. ದೊಡ್ಡ ಯೂನಿಟ್‌ನಲ್ಲಿ ಬಟ್ಟೆಯನ್ನು ಪದರ ಪದರ ಪೇರಿಸಿ ಕರೆಂಟ್ ಕಟರ್‌ನಲ್ಲಿ ಒಂದೇ ಸಲ ಕತ್ತರಿಸುತ್ತಾರೆ. ಅವರ ಜೊತೆ ನಾನು ದರದಲ್ಲಿ ಪೈಪೋಟಿಗೆ ಬೀಳಬಾರದು. "ಹಾಗಾದರೆ ಅಲ್ಲೇ ತಗೊಳ್ಳಿ, ಕಾಯಿ ಹಿಡಿಸುತ್ತಾ ಮಾತ್ರ ನೋಡಿ" ಅಂದೆ. ಕಾಫಿ ಕುಡಿದು ಹೋದರು. ವಾಪಸ್ ಬರಲಿಲ್ಲ. ಎಲ್ಲರೂ ವಾಪಸ್ ಬರುತ್ತಾರೆ ಅಂತೇನಿಲ್ಲ.

ನೀನು ಇಡೀ ದೇಶಕ್ಕೆ ಮಾರೋಣ ಅಂದೆ. ಮಾರಬಹುದು. ಆದರೆ ಬಟ್ಟೆ ಗೊತ್ತಾಗದೆ ಮಾರಲು ಆಗುವುದಿಲ್ಲ. ಒಂದು ಸಲ ಹನ್ನೆರಡು ಕುಷನ್ ಕವರ್ ಕೊಟ್ಟಿದ್ದೆ, ಹದಿನಾರು ಇಂಚಿನವು. ಬಟ್ಟೆ ನೆನೆಸದೆ ಹಾಗೇ ಕತ್ತರಿಸಿದ್ದೆ, ಅವಸರ. ಒಂದು ಒಗೆತಕ್ಕೆ ಮುಕ್ಕಾಲು ಇಂಚು ಸೇದಿಕೊಂಡವು. ದಿಂಬು ಒಳಗೆ ಹೋಗಲು ಒಲ್ಲದು, ಜಿಪ್ ಬಾಯಿ ಬಿಟ್ಟುಕೊಂಡಿತ್ತು. ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದು ಮಾಮೂಲು. ಕತ್ತರಿ ಹಾಕುವ ಮೊದಲೇ ಅದನ್ನು ಬಕೆಟ್‌ನಲ್ಲಿ ಕುಗ್ಗಿಸಿಬಿಡಬೇಕು. ಕೆಂಪು, ನೀಲಿ ಇದ್ದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಬೇಕು, ಬಣ್ಣ ಬಿಡುತ್ತಾ ಅಂತ. ಅಂಗಡಿಯವರು ಗ್ಯಾರಂಟಿ ಅನ್ನುತ್ತಾರೆ. ಅನ್ನಲಿ.

ನಾನು ಈಗಲೂ ಚಿಕ್ಕಪೇಟೆಗೆ ಹೋಗಿಯೇ ತರುವುದು. 2017ರಲ್ಲಿ ಮೆಟ್ರೋ ಬಂದಮೇಲೆ ಸುಲಭ. ನ್ಯಾಷನಲ್ ಕಾಲೇಜ್ ಹತ್ತಿರ ಹತ್ತಿದರೆ ಮಾರ್ಕೆಟ್ ಆದಮೇಲೆ ಚಿಕ್ಕಪೇಟೆ, ಎರಡೇ ಸ್ಟಾಪು. ಬಟ್ಟೆಗೆ ಅಲ್ಲಿನ ಗಲ್ಲಿಗಳು, ಲೇಸು ದಾರ ಜಿಪ್ಪಿಗೆ ಮಾಮೂಲ್‌ಪೇಟೆ. ಜಿಪ್ಪನ್ನು ಮೀಟರ್ ಲೆಕ್ಕದಲ್ಲಿ ರೋಲ್ ತಂದು ರನ್ನರ್ ನಾವೇ ಹಾಕಿಕೊಳ್ಳುತ್ತೇವೆ, ಬಿಡಿ ಜಿಪ್ಪಿಗಿಂತ ತುಂಬಾ ಕಡಿಮೆಗೆ ಬೀಳುತ್ತದೆ. ಥಾನಿನ ಕೊನೆಯ ಕಟ್ ಪೀಸ್‌ಗಳನ್ನು ಎತ್ತಿಡುವ ಒಬ್ಬರು ಇದ್ದಾರೆ. ಫೋನಿನಲ್ಲಿ ಫೋಟೋ ನೋಡಿ ಬಟ್ಟೆ ತರಿಸೋಣ ಅನ್ನಬೇಡ. ಎರಡು ಬೆರಳ ನಡುವೆ ಉಜ್ಜಿದರೆ ಗಂಜಿ ಪುಡಿಯಾಗಿ ಉದುರುವ ಬಟ್ಟೆ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಕಾಗದಪತ್ರದ ಕೆಲಸ ನಿನಗೇ ಬಿಡುತ್ತೇನೆ, ನಿನಗದು ಇಷ್ಟ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿದ್ದೇನೆ, ಅದಕ್ಕೆ ಸರ್ಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನಮ್ಮ ಬೀದಿಯ ಅಂಗಡಿಗಳಲ್ಲೆಲ್ಲ ಅದೇ ಮಾತು. ಅಪ್ಪ ಗಾಬರಿಯಾಗಿ ನನ್ನ ಪುಸ್ತಕ ತೆಗೆದು ನೋಡಿದರು. ಜಿಎಸ್‌ಟಿ ನೋಂದಣಿಗೆ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ. ನಮ್ಮ ಮೊತ್ತ ನೋಡಿ ಅವರಿಗೆ ನಗು ಬಂತು. ಬೇರೆ ರಾಜ್ಯಕ್ಕೆ ಮಾರಿದರೆ ನಿಯಮ ಬೇರೆ. ದೇಶಕ್ಕೆಲ್ಲ ಮಾರುವವಳು ಮೊದಲು ಅದನ್ನು ಓದಿಕೋ.

ಇನ್ನು ನಿನ್ನ ಪ್ರಶ್ನೆ. ತಿಂಗಳಿಗೆ ನನ್ನ ಕೈಗೆ ಸಿಗುವುದು ಸುಮಾರು ನೂರು ಗಂಟೆ, ಅಂದರೆ 15,000. ಶ್ರಾವಣದಲ್ಲಿ, ಮದುವೆ ಕಾಲದಲ್ಲಿ ಜಾಸ್ತಿ. ಧನುರ್ಮಾಸದಲ್ಲಿ ತಾಂಬೂಲದ ಚೀಲ ಕೇಳುವವರೇ ಇರುವುದಿಲ್ಲ, ಆಗ ಕುಷನ್ ಕವರ್, ಟೇಬಲ್ ಮ್ಯಾಟ್, ಬಿಸಿ ಪಾತ್ರೆ ಹಿಡಿಯುವ ಬಟ್ಟೆ. ನಿನ್ನ ಸಂಬಳದ ಮುಂದೆ ಇದು ಎಷ್ಟು ಅಂತ ನೀನೇ ನೋಡು. ಕಡಿಮೆ ಅಂತ ಬೇಡ ಅನ್ನುತ್ತಿಲ್ಲ. ನೀನು ಬಂದರೆ ಹೆಚ್ಚಾಗಲೂಬಹುದು. ನನ್ನ ಭಯ ಬೇರೆ. ನೀನೂ ನನ್ನ ಮಗಳೇ. "ಅಮ್ಮನ ಕೆಲಸ ತಾನೆ, ನನಗೇನು ಕೂಲಿ" ಅಂತ ರಾತ್ರಿಯೆಲ್ಲ ಕೂತುಬಿಡುತ್ತೀಯ. ಅದಕ್ಕೇ ಹೇಳುತ್ತಿದ್ದೇನೆ. ಮೊದಲ ದಿನದಿಂದ ನಿನ್ನ ಗಂಟೆಗಳನ್ನು ಈ ಹಸಿರು ಪುಸ್ತಕದಲ್ಲಿ ಬರೆಯಬೇಕು. ಫೋಟೋ ತೆಗೆದದ್ದು, ಗಿರಾಕಿಗಳಿಗೆ ಉತ್ತರ ಬರೆದದ್ದು, ಪಾರ್ಸೆಲ್ ಕಟ್ಟಿದ್ದು, ಎಲ್ಲ ಗಂಟೆಯೇ. ಒಪ್ಪಿಗೆ ಇಲ್ಲದಿದ್ದರೆ ಪುಣೆಯಲ್ಲೇ ಇರು.

ಅಜ್ಜಿಯ ಕೌದಿಯನ್ನು ಮಾದರಿಯಾಗಿ ಹಾಕೋಣ ಅಂದಿದ್ದೆ. ಕೌದಿ ವಿಷಯ ಎತ್ತಬೇಡ. ಅದಕ್ಕೆ ಗಂಟೆಯ ಲೆಕ್ಕ ಹಾಕಲು ಹೋಗಿ ಒಂದು ಪುಟ ಹರಿದಿದ್ದೇನೆ.

ಈಗಲೇ ರಾಜೀನಾಮೆ ಕೊಡಬೇಡ. ಆಷಾಢದ ಕೊನೆಗೆ ಹದಿನೈದು ದಿನ ರಜೆ ಹಾಕಿ ಬಾ. ವರಮಹಾಲಕ್ಷ್ಮಿ ಹಬ್ಬಕ್ಕೆ ಈಗಾಗಲೇ 240 ಚೀಲ ಒಪ್ಪಿಕೊಂಡಿದ್ದೇನೆ, ಅಕ್ಕನ ಮಗನ ಮದುವೆ ಬೇರೆ ಮುಂದಿದೆ, ಅವರು ಅರ್ಧ ದಿನವಷ್ಟೇ ಬರುವುದು. ಮೂಲೆ ಹೊಲಿಯುವುದು ನಿನಗೆ. ಕೆಳಗೆ ದಾರ ಗುಂಜುಕಟ್ಟಿದರೆ ಕೆಳದಾರದ ಬಾಬಿನ್ ಬೈಯಬೇಡ, ಮಷೀನಿನ ಪಾದ ಎತ್ತಿ ಮೇಲಿನ ದಾರ ಮತ್ತೆ ಪೋಣಿಸು, ಅದು ದಾರ ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ.

ಬರುವಾಗ ಆ ಕಪ್ಪು ಹಿಡಿಯ ಕತ್ತರಿ ತಾ. ನೀನೇ ಒಯ್ದಿದ್ದೀಯ ಅಂತ ನನಗೆ ಗೊತ್ತು. ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ್ದರೆ ಮಾತ್ರ, ಬರುವ ದಾರಿಯಲ್ಲೇ ಸಾಣೆ ಹಿಡಿಸಿಕೊಂಡು ಬಾ.

ಇಂತಿ
ನಿನ್ನ ಅಮ್ಮ