ಅಕ್ಕನಿಗೆ: ಜೋಕರ್ ವೇಷ, ಶಶಿಯ ನಿದ್ದೆ, ಅಮ್ಮನ ಮಾತ್ರೆ

ಶಿಕಾಗೋ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾವಿಲ್ಲಿ ಕ್ಷೇಮ. ಭಾವನ ಮಂಡಿನೋವು ಕಡಿಮೆಯಾಯಿತೆಂದು ತಿಳಿದು ಸಮಾಧಾನವಾಯಿತು. ಅಡಿಕೆಯ ವಿಷಯ ಭಾವನಿಗೇ ಬೇರೆ ಬರೆಯುತ್ತೇನೆ. ಫೋನು ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ನಿನಗೆ ಬಾಯಿ ಬಿಟ್ಟು ಮಾತಾಡಲು ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನೀನು ಓದಿಯಾದ ಮೇಲೆ ಶಶಿಯ ಕೈಗೆ ಕೊಡು.

ಕಾಲೇಜ್ ಡೇಗೆ ಇಂಗ್ಲಿಷ್ ಸಿನಿಮಾದ ಜೋಕರ್ ಎಂಬ ಖಳನ ಪಾತ್ರ ಮಾಡುತ್ತೇನೆಂದು ಶಶಿ ಬಾಗಿಲು ಹಾಕಿ ಕೂತಿದ್ದಾನೆ, ರಾತ್ರಿಯೆಲ್ಲ ಒಬ್ಬನೇ ನಗುತ್ತಾನೆ, ನಿದ್ದೆ ಬಿಟ್ಟಿದ್ದಾನೆ, ಆ ಪಾತ್ರ ಮಾಡಿದವನು ಪಾತ್ರದಿಂದಲೇ ಸತ್ತನೆಂದು ಶಾರದಕ್ಕ ಹೇಳಿದರು, ಹೌದೋ ಅಲ್ಲವೋ ಎಂದು ಕೇಳಿದ್ದೀ. ಅಲ್ಲ ಅಕ್ಕ. ಈ ಮಾತು ಊರೂರು ಸುತ್ತಿದೆ, ಇಲ್ಲಿನವರೂ ನಂಬುತ್ತಾರೆ, ಆದರೆ ನಿಜವಲ್ಲ.

ಚಿತ್ರದ ಹೆಸರು ದಿ ಡಾರ್ಕ್ ನೈಟ್, 2008ರ ಜುಲೈಯಲ್ಲಿ ಬಂದದ್ದು. ಜೋಕರ್ ಆದವನು ಹೀತ್ ಲೆಡ್ಜರ್, ಆಸ್ಟ್ರೇಲಿಯಾದ ಪರ್ತ್ ಊರಿನವನು. ಆ ಚಿತ್ರೀಕರಣ 2007ರಲ್ಲೇ ಮುಗಿದಿತ್ತು. ಅವನು ತೀರಿಕೊಂಡದ್ದು 2008ರ ಜನವರಿ 22ರಂದು, ನ್ಯೂಯಾರ್ಕಿನಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ. ಆಗ ಬೇರೆಯೇ ಒಂದು ಚಿತ್ರದಲ್ಲಿ ಕೆಲಸ ಮಾಡುತ್ತಿದ್ದ. ಲಂಡನ್ನಿನ ಚಳಿಯಲ್ಲಿ ರಾತ್ರಿ ಶೂಟಿಂಗ್ ಮಾಡಿ ಶೀತ ಎದೆಗೆ ಇಳಿದಿತ್ತೆಂದು ಸಹನಟರು ಹೇಳಿದ್ದಾರೆ. ನಿದ್ದೆ ಬರುವುದಿಲ್ಲವೆಂದು ಅವನೇ ಪತ್ರಿಕೆಯವರಿಗೆ ಹೇಳಿಕೊಂಡಿದ್ದ. ಜೋಕರ್ ಪಾತ್ರವನ್ನು ಅವನು ತುಂಬ ಖುಷಿಯಿಂದ ಮಾಡಿದ ಎಂದು ಅವನ ಒಡಹುಟ್ಟಿದ ಅಕ್ಕನೇ ಹೇಳಿದ್ದಾಳೆ.

ಮರಣೋತ್ತರ ಪರೀಕ್ಷೆಯ ವರದಿ ಫೆಬ್ರವರಿ 6ರಂದು ಬಂತು. ಒಟ್ಟು ಆರು ಔಷಧಿಗಳು ದೇಹದಲ್ಲಿ ಸಿಕ್ಕಿದವು: ಆಕ್ಸಿಕೋಡೋನ್, ಹೈಡ್ರೋಕೋಡೋನ್, ಡಯಾಜೆಪಾಮ್, ಟೆಮಾಜೆಪಾಮ್, ಆಲ್ಪ್ರಜೋಲಾಮ್, ಡಾಕ್ಸಿಲಮೀನ್. ಎಲ್ಲವೂ ಔಷಧಿ ಅಂಗಡಿಯಲ್ಲಿ ಸಿಗುವಂಥವೇ: ನೋವಿನದು, ಆತಂಕದ್ದು, ನಿದ್ದೆಯದು. ಇವೆಲ್ಲ ಒಟ್ಟು ಸೇರಿದ್ದರಿಂದ ಆಕಸ್ಮಿಕವಾಗಿ ಆದ ಸಾವು ಎಂದು ವರದಿ ಹೇಳಿತು.

ಆ ಪಟ್ಟಿಯಲ್ಲಿ ಐದನೆಯ ಹೆಸರನ್ನು ಇನ್ನೊಮ್ಮೆ ಓದು. ಎದ್ದು ಹೋಗಿ ಅಮ್ಮನ ಮಾತ್ರೆಯ ಹಾಳೆಯ ಹಿಂಭಾಗ ನೋಡು. ಅದೇ ಹೆಸರು ಇರುತ್ತದೆ. "ಪಾಪ ನಿದ್ದೆ ಇಲ್ಲವಲ್ಲ ಎಂದು ಅಮ್ಮನ ಮಾತ್ರೆ ಅರ್ಧ ಮುರಿದು ಕೊಟ್ಟೆ, ಕೆಮ್ಮಿನ ಔಷಧಿಯೂ ಕೊಟ್ಟೆ" ಎಂದು ನೀನು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀಯಲ್ಲ, ಜೋಕರ್‌ಗಿಂತ ಆ ಸಾಲು ನನಗೆ ಭಯ ಹುಟ್ಟಿಸಿತು.

ಹೆದರಬೇಡ. ಒಮ್ಮೆ ಅರ್ಧ ಮಾತ್ರೆ ಕೊಟ್ಟದ್ದು, ಬೆಳಿಗ್ಗೆ ಎದ್ದು ಇಡ್ಲಿ ತಿಂದು ಕಾಲೇಜಿಗೆ ಹೋದ ಎಂದು ನೀನೇ ಬರೆದಿದ್ದೀ. ಏನೂ ಆಗಿಲ್ಲ. ಆದರೆ ಇನ್ನು ಕೊಡಲೇ ಬೇಡ. ಯಾಕೆಂದು ಹೇಳುತ್ತೇನೆ. ನಾವು ಮಲಗಿದಾಗ ಉಸಿರಾಟವನ್ನು ನಡೆಸುವುದು ಮೆದುಳಿನ ಬುಡ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಹಾಗೆ ಅದು ಎದೆಗೆ "ಉಸಿರೆಳೆ" ಎಂದು ಆಜ್ಞೆ ಕೊಡುತ್ತದೆ. ಆಲ್ಪ್ರಜೋಲಾಮ್ ಥರದ ಮಾತ್ರೆ ಆ ಆಜ್ಞೆಯನ್ನು ಸ್ವಲ್ಪ ಮಂಕು ಮಾಡುತ್ತದೆ. ಕೋಡೀನ್ ಇರುವ ಕೆಮ್ಮಿನ ಔಷಧಿಯೂ ಹಾಗೆಯೇ, ಕೋಡೀನ್ ನಮ್ಮ ಪಿತ್ತಜನಕಾಂಗದಲ್ಲಿ ಮಾರ್ಫಿನ್ ಆಗಿ ಬದಲಾಗುತ್ತದೆ, ಕೆಲವರ ದೇಹದಲ್ಲಿ ಬಹಳ ಬೇಗ ಬದಲಾಗುತ್ತದೆ. ಶೀತದ ಮಾತ್ರೆಗಳಲ್ಲಿ ಇರುವ ಕ್ಲೋರ್ಫೆನಿರಮೀನ್ ಮತ್ತೆ ನಿದ್ದೆಯನ್ನು ಗಾಢ ಮಾಡುವಂಥದು, ಪಟ್ಟಿಯ ಆರನೆಯದು ಅದರದ್ದೇ ಜಾತಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಒಂದೊಂದೇ ಆದರೆ ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಎರಡು ಮೂರು ಒಟ್ಟಾದರೆ ಉಸಿರು ನಿಧಾನವಾಗುತ್ತ ಹೋಗುತ್ತದೆ, ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ, ಮನೆಯವರಿಗೆ ಗೊರಕೆ ಎಂದೇ ಅನಿಸುತ್ತದೆ. ಶೀತ ಎದೆಗೆ ಇಳಿದಿದ್ದರೆ ಅಪಾಯ ಇನ್ನೂ ಹೆಚ್ಚು.

ಹಾಗಾಗಿ ಅಮ್ಮನ ಡಬ್ಬಿಯನ್ನು ಊಟದ ಮೇಜಿನಿಂದ ತೆಗೆದು ಗೋದ್ರೆಜ್ ಕಪಾಟಿನಲ್ಲಿ ಇಡು, ದಿನಕ್ಕೊಂದು ಮಾತ್ರೆ ನೀನೇ ತೆಗೆದುಕೊಡು. ಗಾಬರಿಯಲ್ಲಿ ಅಮ್ಮನ ಮಾತ್ರೆ ನಿಲ್ಲಿಸಿಬಿಡಬೇಡ! ವರ್ಷಗಟ್ಟಲೆ ತೆಗೆದುಕೊಂಡವರು ಹಠಾತ್ತನೆ ಬಿಟ್ಟರೆ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರು ಹೇಳಿದಂತೆ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಕೆಮ್ಮಿನ ಬಾಟಲಿಯ ಮೇಲೆ ಕೋಡೀನ್ ಎಂದಿದ್ದರೆ ಶಶಿಗೆ ಅದು ಬೇಡ. ನಮ್ಮ ಮನೆಯಲ್ಲಿ ಇಂಥದು ಆಗುವುದಿಲ್ಲ, ಆದರೂ ತಿಳಿದಿರಲಿ: ಯಾರಾದರೂ ಕರೆದರೂ ಅಲುಗಾಡಿಸಿದರೂ ಏಳದಿದ್ದರೆ, ಉಸಿರು ಎಳೆದೆಳೆದು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ ತಕ್ಷಣ 108ಕ್ಕೆ ಫೋನು ಮಾಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ನಿದ್ದೆ ಬಾರದಿರುವುದಕ್ಕೆ ಮಾತ್ರೆ ಬೇಕಾಗಿಯೂ ಇಲ್ಲ. ಪಾತ್ರದ ಅಭ್ಯಾಸವನ್ನು ಸಂಜೆ ಐದರಿಂದ ಏಳಕ್ಕೆ ತರಲಿ. ಹತ್ತರ ಮೇಲೆ ಫೋನು ಹೊರಗಿನ ಕೋಣೆಯಲ್ಲಿರಲಿ, ಸಂಜೆಯ ಕಾಫಿ ಬಿಡಲಿ, ಬೆಳಿಗ್ಗೆ ಎಷ್ಟೇ ತೂಕಡಿಸಿದರೂ ಒಂದೇ ಹೊತ್ತಿಗೆ ಏಳಲಿ. ಎರಡು ವಾರವಾದರೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ಮುಂದಿನದು ಶಶಿಗೆ.

ಶಶಿ, ಲೆಡ್ಜರ್ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ಸುಮಾರು ಒಂದು ತಿಂಗಳು ಒಬ್ಬನೇ ಕೂತದ್ದು ನಿಜ. ಕತ್ತಲಲ್ಲಿ ಕೂತು ಹುಚ್ಚನಾಗಲು ಅಲ್ಲಿಗೆ ಹೋದದ್ದಲ್ಲ. ಧ್ವನಿ ಹುಡುಕಿದ, ನಗೆ ಹುಡುಕಿದ, ನೋಟ್‌ಬುಕ್ಕಿನಲ್ಲಿ ಬರೆದ, ಚಿತ್ರ ಅಂಟಿಸಿದ. ಜೋಕರ್ ಬಂಧಿತರನ್ನು ಕೂರಿಸಿ ವಿಡಿಯೋ ತೆಗೆದು ಟಿ.ವಿ.ಗೆ ಕಳಿಸುತ್ತಾನಲ್ಲ, ಅವನ್ನು ಲೆಡ್ಜರ್ ತಾನೇ ಕ್ಯಾಮೆರಾ ಹಿಡಿದು ತೆಗೆದ. ಮೊದಲನೆಯದನ್ನು ನೋಡಿದ ಮೇಲೆ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಎರಡನೆಯದನ್ನು ಅವನಿಗೇ ಬಿಟ್ಟುಕೊಟ್ಟರು. ತಲೆ ಕೆಟ್ಟವನಿಗೆ ಯಾರೂ ಹಾಗೆ ಕ್ಯಾಮೆರಾ ಒಪ್ಪಿಸುವುದಿಲ್ಲ. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಚುಟ್ಟಿ ಇಟ್ಟು, ಇಡೀ ರಾತ್ರಿ ಮಹಿಷಾಸುರನಾಗಿ ಅಬ್ಬರಿಸಿ, ಬೆಳಿಗ್ಗೆ ತೆಂಗಿನೆಣ್ಣೆಯಲ್ಲಿ ಮುಖ ಒರೆಸಿ ಗಂಜಿ ಉಂಡು ಮಲಗುತ್ತಾರೆ. ಇದೂ ಅಂಥದ್ದೇ ಕಸುಬು.

ಆ ಖಳ ಯಾಕೆ ಅಷ್ಟು ಹೆದರಿಸುತ್ತಾನೆ ಎಂದು ಸರಿಯಾಗಿ ನೋಡು. ಹೆಸರಿಲ್ಲ, ಊರಿಲ್ಲ, ಬೆರಳಚ್ಚಿನ ದಾಖಲೆಯಿಲ್ಲ. ಬಾಯಿಯ ಗಾಯದ ಕತೆಯನ್ನು ಎರಡು ಸಲ ಹೇಳುತ್ತಾನೆ, ಎರಡೂ ಬೇರೆ ಬೇರೆ, ಹಾಗಾಗಿ ಎರಡನ್ನೂ ನಂಬುವ ಹಾಗಿಲ್ಲ. ದುಡ್ಡಿನ ರಾಶಿಗೇ ಬೆಂಕಿ ಇಡುತ್ತಾನೆ, ಆಮಿಷ ಒಡ್ಡಿ ಕೊಳ್ಳುವಂತಿಲ್ಲ. ರಕ್ತ ತೋರಿಸುವುದು ಬಹಳ ಕಡಿಮೆ, ಚಾಕು ಬಾಯಿಯ ಮೂಲೆಗೆ ಬಂದ ಕೂಡಲೇ ದೃಶ್ಯ ಕತ್ತರಿಸುತ್ತದೆ. ಹಾಗಿದ್ದೂ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಇದು ಹೇಗೆ ಪಾಸಾಯಿತೆಂದು ಜನ ದೂರಿನ ಮೇಲೆ ದೂರು ಕೊಟ್ಟರು. ಸಂಗೀತದ್ದೂ ಪಾಲಿದೆ. ಹಾನ್ಸ್ ಜಿಮ್ಮರ್ ಜೋಕರ್‌ಗೆ ರಾಗ ಕೊಡಲಿಲ್ಲ, ಚೆಲ್ಲೋ ಎಂಬ ತಂತಿವಾದ್ಯದ ಒಂದು ಸ್ವರ ಹಿಗ್ಗುತ್ತ ಬಿಗಿಯುತ್ತ ಹೋಗುತ್ತದೆ ಅಷ್ಟೆ. ತಂತಿಗಳ ಮೇಲೆ ಬ್ಲೇಡು ಎಳೆದೂ ಪ್ರಯೋಗ ಮಾಡಿದ್ದರು. ಇಯರ್‌ಫೋನ್ ಹಾಕಿ ಬ್ಯಾಂಕ್ ದರೋಡೆಯನ್ನು ಕೇಳು.

ಆ ಬ್ಯಾಂಕ್ ಇಲ್ಲಿನ ಹಳೆಯ ಅಂಚೆ ಕಚೇರಿ! ಶಿಕಾಗೋ ಎಂದರೆ ಗುಂಡು ಹಾರುವ ಊರು ಎಂದು ಭಾವ ಹೇಳುತ್ತಿರುತ್ತಾರೆ. ಇಷ್ಟು ಚಂದದ ಕಟ್ಟಡಗಳಿರುವ ಊರು ಈ ದೇಶದಲ್ಲಿ ಬೇರೆ ಕಡಿಮೆ, ಅದಕ್ಕೇ ನೋಲನ್ ಇಲ್ಲಿಗೆ ಬಂದದ್ದು. ವ್ಯಾಕರ್ ಡ್ರೈವ್ ಎಂಬ ರಸ್ತೆಗೆ ಅಂತಸ್ತುಗಳಿವೆ, ಮೇಲೊಂದು ಕೆಳಗೊಂದು. ಕೆಳಗೆ ಇಳಿದರೆ ಹಾಡುಹಗಲೇ ಕತ್ತಲು, ಫೋನಿನ ಮ್ಯಾಪು ದಾರಿ ತಪ್ಪುತ್ತದೆ. ಬೆನ್ನಟ್ಟುವ ದೃಶ್ಯ ಅಲ್ಲಿಯದು. ಲಾಸಾಲ್ ಬೀದಿಯಲ್ಲಿ ಲಾರಿ ಮೂತಿಯ ಮೇಲೆ ನಿಂತು ಪಲ್ಟಿಯಾಗುತ್ತದಲ್ಲ, ಅದು ಕಂಪ್ಯೂಟರಿನದಲ್ಲ. ಟ್ರೇಲರಿನ ಅಡಿಯಲ್ಲಿ ದೊಡ್ಡ ಪಿಸ್ಟನ್ ಕೂರಿಸಿ, ಬೇರೆ ಬಯಲಿನಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಬ್ಯಾಂಕುಗಳ ಮಧ್ಯೆ ನಿಜವಾದ ಲಾರಿಯನ್ನೇ ಮಗುಚಿದರು, ಒಳಗೆ ಸ್ಟಂಟ್ ಚಾಲಕನೂ ಇದ್ದ. ಆಸ್ಪತ್ರೆ ಎಂದು ತೋರಿಸಿ ಉರುಳಿಸಿದ್ದು ಮುಚ್ಚಿಹೋಗಿದ್ದ ಒಂದು ಮಿಠಾಯಿ ಕಾರ್ಖಾನೆಯನ್ನು. ಸ್ಫೋಟ ನಡುವೆ ನಿಂತದ್ದು ತಾಂತ್ರಿಕ ದೋಷ, ಲೆಡ್ಜರ್ ಆ ಕ್ಷಣದಲ್ಲಿ ಸಂಭಾಳಿಸಿದ ಎಂದು ನೀನು ಬರೆದಿದ್ದೀ. ಅದೂ ಕಟ್ಟುಕತೆ, ಆ ನಿಲುಗಡೆ ಮೊದಲೇ ಲೆಕ್ಕ ಹಾಕಿ ಇಟ್ಟದ್ದು. ಬೀಳಿಸುವ ಕಟ್ಟಡದ ಮುಂದೆ ನಟನನ್ನು ಅದೃಷ್ಟಕ್ಕೆ ಬಿಡುವುದಿಲ್ಲ.

ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಪೆನ್ಸಿಲ್ಲಿಗೆ ಜೋಕರ್ ಒಬ್ಬನ ತಲೆ ಬಡಿಯುತ್ತಾನಲ್ಲ, ಆ ದೃಶ್ಯವನ್ನು ವೇದಿಕೆಯ ಮೇಲೆ ಮಾಡಬೇಡ. ಖಡಾಖಂಡಿತ ಬೇಡ. ಅಲ್ಲಿ ತಲೆ ಮೇಜಿಗೆ ಬಡಿಯುವ ಹೊತ್ತಿಗೆ ಪೆನ್ಸಿಲ್ಲೇ ಇರಲಿಲ್ಲ, ಬಗ್ಗುತ್ತಲೇ ಸ್ಟಂಟ್ ಕಲಾವಿದ ಬಲಗೈಯಿಂದ ಅದನ್ನು ಗುಡಿಸಿ ತೆಗೆಯುತ್ತಿದ್ದ. ಕೈ ಒಂದು ಕ್ಷಣ ತಡವಾಗಿದ್ದರೆ ಕಣ್ಣು ಹೋಗುತ್ತಿತ್ತು. ಅದು ಪಳಗಿದವರ ಕೆಲಸ.

ಮೇಕಪ್ಪಿಗೆ ಫೆವಿಕ್ವಿಕ್ ಹಚ್ಚಿ ಗಾಯ ಅಂಟಿಸುತ್ತೇನೆ ಎಂದೆಯಂತೆ. ಅದು ಚರ್ಮಕ್ಕೆ ಕ್ಷಣದಲ್ಲಿ ಕಚ್ಚುತ್ತದೆ, ಹತ್ತಿಗೆ ತಾಗಿದರೆ ಬಿಸಿಯೇರಿ ಸುಡುತ್ತದೆ, ತುಟಿಯ ಹತ್ತಿರ ತರಲೇಬೇಡ. ಲೆಡ್ಜರ್‌ನ ಗಾಯ ಸಿಲಿಕೋನಿನ ಮೂರು ತುಂಡು, ಒಂದು ಗಂಟೆಯೊಳಗೆ ಕೂರಿಸುತ್ತಿದ್ದರು. ಅವನು ಮತ್ತೆ ಮತ್ತೆ ತುಟಿ ನೆಕ್ಕುವುದು ಆ ತುಂಡುಗಳು ಬಿಡದಂತೆ ನೋಡಿಕೊಳ್ಳುತ್ತ ಬಂದ ಅಭ್ಯಾಸ ಎಂದು ಹೇಳುತ್ತಾರೆ. ನಿನಗೆ ಮೇಕಪ್ಪಿನ ದ್ರವ ಲೇಟೆಕ್ಸ್, ಅಂದರೆ ರಬ್ಬರಿನ ಹಾಲು, ಸಾಕು. ಮುಂಚಿನ ದಿನ ಮೊಣಕೈ ಒಳಗೆ ಒಂದು ಬೊಟ್ಟು ಹಚ್ಚಿ ನೋಡು, ಕೆರೆತ ಬಂದರೆ ಬಿಟ್ಟುಬಿಡು. ಗಡ್ಡ ಮೀಸೆ ನುಣ್ಣಗೆ ತೆಗೆದಿರಬೇಕು, ಇಲ್ಲದಿದ್ದರೆ ಕೀಳುವಾಗ ಕೂದಲೂ ಕಿತ್ತು ಬರುತ್ತದೆ. ತೆಳುವಾಗಿ ಒಂದು ಪದರ, ಅದರ ಮೇಲೆ ಮುದುರಿದ ಟಿಶ್ಯೂ ಕಾಗದ, ಮತ್ತೆ ಲೇಟೆಕ್ಸ್. ಮೂರು ಪದರ ಸಾಕು, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೇ ಮುಂದಿನದು. ಅವಸರ ಮಾಡಿದರೆ ಒಳಗೆ ಹಸಿ ಉಳಿದು, ನಗುವಾಗ ಅಂಚು ಏಳುತ್ತದೆ.

ಬಿಳಿ ಬಣ್ಣ ಹಚ್ಚುವಾಗ ಹಣೆ ಗಂಟಿಕ್ಕು, ಕೆನ್ನೆ ಬಿಗಿ ಹಿಡಿ. ಹಚ್ಚಿ ಸಡಿಲ ಬಿಟ್ಟರೆ ಸುಕ್ಕಿನ ಗೆರೆಗಳಲ್ಲಿ ಬಣ್ಣ ಬಿರುಕು ಬಿಡುತ್ತದೆ. ಲೆಡ್ಜರ್‌ನ ಮೇಕಪ್ ಮಾಡಿದ ಜಾನ್ ಕಾಗ್ಲಿಯೋನೆ ಅನುಸರಿಸಿದ ರೀತಿ ಇದೇ. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಸುತ್ತ ಕಪ್ಪನ್ನು ಬೆರಳಿನಿಂದ ಹಚ್ಚು, ಬ್ರಷ್ಷಿನಿಂದ ಮಾಡಿದರೆ ತೀರ ಅಚ್ಚುಕಟ್ಟಾಗಿ ಕೆಡುತ್ತದೆ. ತುಟಿಗೆ ಮನೆಯಲ್ಲಿರುವ ಲಿಪ್‌ಸ್ಟಿಕ್ ಸಾಕು. ಮೇಳದ ಪೆಟ್ಟಿಗೆಯಿಂದ ಇಂಗಳೀಕ ತರಬೇಡ, ಅದರಲ್ಲಿ ಪಾದರಸವಿದೆ, ಬಾಯಿಗೆ ಹೋಗುತ್ತದೆ. ನಮ್ಮ ಊರಿನ ಬೆವರಿಗೆ ಬಿಳಿ ಇಳಿದುಹೋಗುತ್ತದೆ, ಹಾಗಾಗಿ ಮೇಲಿನಿಂದ ಪೌಡರು ಒತ್ತಿ ಕೂರಿಸು. ನಗು ಹೊಟ್ಟೆಯಿಂದ ಬರಲಿ. ಗಂಟಲಿನಿಂದ ಕಿರುಚಿದರೆ ಕಾರ್ಯಕ್ರಮದ ದಿನ ಧ್ವನಿಯೇ ಇರುವುದಿಲ್ಲ. ದಿನಕ್ಕೆ ಹತ್ತು ನಿಮಿಷದ ಮೇಲೆ ಈ ನಗುವಿನ ಅಭ್ಯಾಸ ಬೇಡ, ನೀರು ಕುಡಿಯುತ್ತಿರು.

ಅಕ್ಕ, ಅವನು ಆರಿಸಿಕೊಂಡದ್ದು ಒಳ್ಳೆಯ ಪಾತ್ರ. 2009ರ ಫೆಬ್ರವರಿಯಲ್ಲಿ ಲೆಡ್ಜರ್‌ಗೆ ಆಸ್ಕರ್ ಬಂದಾಗ ಅಪ್ಪ, ಅಮ್ಮ, ಅಕ್ಕ ವೇದಿಕೆಗೆ ಹೋಗಿ ತೆಗೆದುಕೊಂಡರು, ಚಿಕ್ಕ ಮಗಳ ಹೆಸರಿನಲ್ಲಿ. ಶಶಿ ಮಾಡಲಿ, ಬೈಯಬೇಡ, ಬಾಗಿಲು ಮಾತ್ರ ತೆರೆದಿರಲಿ. ನಿಜವಾಗಿಯೂ ಹೆದರುವಂಥದ್ದು ಏನೂ ಇಲ್ಲ, ಏನೂ ಆಗುವುದಿಲ್ಲ, ನೀನು ಚೆನ್ನಾಗಿ ಊಟ ಮಾಡು.

ಇಲ್ಲಿ ಬಹಳ ಹೊತ್ತಾಯಿತು, ಬೆಳಿಗ್ಗೆ ಬೇಗ ಏಳಬೇಕು. ಅಮ್ಮನಿಗೆ ನಮಸ್ಕಾರ ಹೇಳು, ಮಾತ್ರೆಯ ಸುದ್ದಿ ಎತ್ತಬೇಡ. ಲೇಟೆಕ್ಸ್ ಮತ್ತು ಬಿಳಿ ಬಣ್ಣವನ್ನು ಊರಿಗೆ ಬರುವವರ ಕೈಲಿ ಕಳಿಸುತ್ತೇನೆ, ಅಲ್ಲಿ ಕೊಳ್ಳಬೇಡಿ. ಭಾನುವಾರ ಫೋನು ಮಾಡುತ್ತೇನೆ.

ನಿನ್ನ ತಮ್ಮ,
ಗಣೇಶ